ಕೆಂಪು ಟೋಪಿಯ ಲೆಕ್ಕ

ಹಾಸ್ಟೆಲ್ಲಿನಲ್ಲಿ ಡೆಲ್ಮಾಳ ಕೈಕೆಳಗೆ ಇಪ್ಪತ್ನಾಲ್ಕು ಮಕ್ಕಳು. ಅವರಲ್ಲಿ ಇಪ್ಪತ್ಮೂರು ಮಕ್ಕಳ ಮುಖ ಅವಳಿಗೆ ಬಾಯಿಪಾಠ. ಯಾರಿಗೆ ಹಲ್ಲುನೋವು, ಯಾರು ದೀಪ ಆರಿದ ಮೇಲೆ ಅಮ್ಮನನ್ನು ನೆನೆದು ಅಳುತ್ತಾರೆ, ಯಾರು ತಟ್ಟೆಯಲ್ಲಿನ ಕ್ಯಾರೆಟ್ಟನ್ನು ಜೇಬಿಗೆ ತುರುಕಿ ಆಮೇಲೆ ನಾಯಿಗೆ ಹಾಕುತ್ತಾರೆ, ಎಲ್ಲವೂ ಗೊತ್ತು. ಇಪ್ಪತ್ನಾಲ್ಕನೆಯವನ ಮುಖವನ್ನು ಮಾತ್ರ ಅವಳು ನೋಡಿದವಳೇ ಅಲ್ಲ. ನೋಡುವ ಹಾಗಿರಲಿಲ್ಲ.

ಅವನು ಅಕ್ಟೋಬರಿನಲ್ಲಿ ಎಮು ಬಾವಿ ಎಂಬ ದೂರದ ಹಳ್ಳಿಯಿಂದ ಬಂದ. ಹದಿನೈದು ವರ್ಷ, ಉದ್ದ ಕಾಲು, ಮಾತು ಕಡಿಮೆ. ಶಾಲೆಯಲ್ಲಿ ಬರೆಸಿದ ಇಂಗ್ಲಿಷ್ ಹೆಸರೊಂದು ಅವನಿಗಿದೆ. ಡೆಲ್ಮಾಳ ಕತೆ ಹೇಳುತ್ತ ಆ ಹೆಸರನ್ನು ನಾನು ಎತ್ತಿದರೆ ಅವಳು ಇನ್ನು ನನ್ನ ಮನೆಯ ಟೀ ಮುಟ್ಟುವುದಿಲ್ಲ. ಜಕಮರ್ರಾ ಎಂದೇ ಹೇಳುತ್ತೇನೆ, ಅದು ಅವನ ಕುಲದ ಹೆಸರು. ಡೆಲ್ಮಾಳದು ನಂಗಲಾ ಕುಲ. ನಂಗಲಾ ಹೆಂಗಸರ ಹೆಣ್ಣುಮಕ್ಕಳನ್ನು ಜಕಮರ್ರಾ ಗಂಡಸರಿಗೆ ಕೊಡುವುದು ನಮ್ಮ ಮರುಭೂಮಿಯ ವಾಡಿಕೆ. ಕೊಡಲಿ ಬಿಡಲಿ, ಪರಿಚಯವಿರಲಿ ಇಲ್ಲದಿರಲಿ, ಹುಟ್ಟಿದ ದಿನದಿಂದಲೇ ಅವಳು ಅತ್ತೆ, ಅವನು ಅಳಿಯ. ವಾವೆ ಅಂದರೆ ವಾವೆ. ಅತ್ತೆ ಅಳಿಯನ ಮುಖ ನೋಡಬಾರದು, ಅವನನ್ನು ಮಾತಾಡಿಸಬಾರದು, ಹೆಸರು ಹಿಡಿಯಬಾರದು, ಅವನ ಜೊತೆ ಒಂದೇ ಗಾಡಿಯಲ್ಲಿ ಕೂರಬಾರದು. ಅವನಿಗೂ ಅಷ್ಟೇ ಕಟ್ಟು. ಇದರಲ್ಲಿ ಹಗೆಯಿಲ್ಲ, ಇರುವುದು ಮರ್ಯಾದೆ. ಬಿಳಿಯರಿಗೆ ಇದನ್ನು ಹೇಳಿ ಹೇಳಿ ನಮ್ಮ ಬಾಯಿ ಒಣಗಿಹೋಗಿದೆ.

ಮಕ್ಕಳನ್ನು ಎಬ್ಬಿಸುವುದು, ಶಾಲೆಗೆ ಅಟ್ಟುವುದು, ಮನೆಗೆ ಫೋನು ಹಚ್ಚಿಕೊಡುವುದು, ಜ್ವರ ಬಂದರೆ ಆಸ್ಪತ್ರೆ, ಜಗಳ ಬಂದರೆ ಪಂಚಾಯಿತಿ. ಇದು ಡೆಲ್ಮಾಳ ಕೆಲಸ. ಮಾತಿಲ್ಲದೆ ಆಗುವ ಕೆಲಸವೇ ಅಲ್ಲ. ಹಾಗಾಗಿ ಆ ಹುಡುಗನಿಗೆ ಮುಟ್ಟಬೇಕಾದ ಮಾತನ್ನೆಲ್ಲ ಅವಳು ಮಗಳು ಕೀಷಾಳ ಬಾಯಿಂದ ಮುಟ್ಟಿಸುತ್ತಿದ್ದಳು. ಕೀಷಾಳಿಗೆ ಹದಿನೇಳು. ಅವನ ಶಾಲೆಯಲ್ಲೇ ಓದುತ್ತಿದ್ದಳು, ಅವನ ಜೊತೆ ಮಾತಾಡಲು ಅವಳಿಗೆ ಅಡ್ಡಿಯಿರಲಿಲ್ಲ. ಅಡ್ಡಿಯಿಲ್ಲದಿದ್ದದ್ದೇ ತಲೆನೋವು. ಜಕಮರ್ರಾನಿಗೆ ವಾವೆಯಲ್ಲಿ ಹೆಂಡತಿಯಾಗಬಹುದಾದವಳು ಅವಳು, ಅಂದಮೇಲೆ ಗೆಳತಿಯರ ಬಾಯಿಗೆ ಬೀಗ ಹಾಕುವವರು ಯಾರು?

ಹಾಸ್ಟೆಲ್ಲಿನ ಹಿಂದಿನ ಬೇಲಿಗೆ ತಾಗಿದಂತೆ ಅವರ ಮನೆ. ಡೆಲ್ಮಾ, ಕೀಷಾ, ಡೆಲ್ಮಾಳ ತಾಯಿ ಕ್ವೀನಿ, ಮೂವರೇ. ಕ್ವೀನಿಗೆ ಎಪ್ಪತ್ತು ದಾಟಿತ್ತು. ಅವಳು ಆ ಹುಡುಗನಿಗೆ ಅಜ್ಜಿಯ ವಾವೆ; ಬೇಲಿಯಾಚೆ ಅವನು ಕಂಡರೆ ಸಾಕು, "ಏ ಕೊಕ್ಕರೆಕಾಲು, ಸೌದೆ ತಂದ್ಯಾ?" ಎಂದು ಕೂಗುವಳು. ಅವನು ನಗುತ್ತ ಒಂದು ಹೊರೆ ಮುಲ್ಗಾ ಮರದ ಸೌದೆಯನ್ನು ಬೇಲಿಯ ಈಚೆ ಎಸೆದು ಹೋಗುವನು. ಡೆಲ್ಮಾ ಆಗ ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದಳು.

ನವೆಂಬರಿನ ಎರಡನೆಯ ವಾರ, ಗುರುವಾರ ಸಂಜೆ ಊಟಕ್ಕೆ ಕೂತಾಗ ಜಗಳ ಹತ್ತಿತು. ತಟ್ಟೆಯಲ್ಲಿ ಡಬ್ಬಿಯ ಮಾಂಸ, ಕ್ವೀನಿ ಬೂದಿಯಲ್ಲಿ ಸುಟ್ಟ ರೊಟ್ಟಿ.

"ಕೀಷಾ, ನಾಳೆ ಶಾಲೇಲಿ ಅವನಿಗೊಂದು ಮಾತು ಹೇಳ್ಬೇಕು. ಅವನಮ್ಮ ಫೋನ್ ಮಾಡಿದ್ಲು. ಅವನ ತಾತ ಆಸ್ಪತ್ರೆಯಿಂದ ಮನೆಗೆ ಬಂದಾರಂತೆ, ಚೆನ್ನಾಗಿ ಉಣ್ತಾ ಇದಾರಂತೆ. ಮಂಗಳವಾರ ಗಾಡಿ ತಗೊಂಡು ಬಂದು ಅವನನ್ನ ಕರ್ಕೊಂಡು ಹೋಗ್ತಾರಂತೆ, ಅಲ್ಲೀವರೆಗೂ ಸುಮ್ನಿರು ಅಂತ ಹೇಳ್ಬೇಕು."

ಕೀಷಾ ತಲೆಯೆತ್ತಲಿಲ್ಲ. "ನಾನೇನು ನಿನ್ನ ಪೋಸ್ಟ್‌ಮ್ಯಾನಾ? ನಿನ್ನೆ ಕಾಲುಚೀಲ ಒಗಿ ಅಂತ ಹೇಳು ಅಂದೆ. ಮೊನ್ನೆ ಹಲ್ಲು ಉಜ್ಜು ಅಂತ ಹೇಳು ಅಂದೆ. ಕ್ಲಾಸ್ ತುಂಬಾ ನನ್ನನ್ನ ಏನಂತ ಕರೀತಾರೆ ಗೊತ್ತಾ? ಅವನ ಹೆಂಡ್ತಿ ಅಂತಾರೆ!"

"ಅನ್ನೋರಿಗೇನು, ಅಂದ್ಕೊಳ್ಳಲಿ. ಅಂದ್ರೆ ಮೈಗೇನು ಅಂಟುತ್ತಾ?"

"ನಿಂಗೆ ಅಂಟಲ್ಲ ಬಿಡು! ಸಂಬಳ ನಿಂದು, ಮಾತು ನಂದು. ನೀನೇ ಹೇಳು ಹೋಗು. ಈ ಕಾಲದಲ್ಲೂ ಅತ್ತೆ ಅಂತೆ, ಅಳಿಯ ಅಂತೆ..."

"ನಾಲಿಗೆ ಬಿಗಿ ಹಿಡಿಯೇ," ಎಂದಳು ಕ್ವೀನಿ. "ನಿಮ್ಮಪ್ಪ ಸಾಯೋತನಕ ನನ್ನ ನೆರಳು ತುಳೀಲಿಲ್ಲ. ಬೇಟೆ ಆಡಿದಾಗೆಲ್ಲ ಕಾಂಗರೂ ಬಾಲ ನನ್ನ ಒಲೆಗೆ ಬರ್ತಿತ್ತು, ಒಂದು ಸಲಾನೂ ತಪ್ಪಲಿಲ್ಲ. ಇಪ್ಪತ್ತು ವರ್ಷ ಒಂದು ಮಾತಿಲ್ಲ, ಒಂದು ಜಗಳಾನೂ ಇಲ್ಲ. ನೀನು ನಿಮ್ಮಮ್ಮ ದಿನಾ ಮಾತಾಡ್ತೀರಿ, ಏನು ಸುಖ ಕಂಡ್ರಿ?"

ಅಜ್ಜಿಯ ಮಾತಿಗೆ ಡೆಲ್ಮಾಳಿಗೆ ನಗು ಬಂತು, ಕೀಷಾಳಿಗೆ ಬರಲಿಲ್ಲ. ತಟ್ಟೆಯನ್ನು ಸಿಂಕಿಗೆ ಎಸೆದಳು. "ಆಯ್ತು, ಹೇಳ್ತೀನಿ. ಸಾಕಾ?" ಎಂದು ಬಾಗಿಲು ಬಡಿದುಕೊಂಡು ಹೋದಳು. ಹೇಳುತ್ತೇನೆ ಎಂದಳಲ್ಲ, ಡೆಲ್ಮಾ ಅಷ್ಟಕ್ಕೇ ನಂಬಿಬಿಟ್ಟಳು.

ಶನಿವಾರ ಪಕ್ಕದ ಊರಿನಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ. ಹಾಸ್ಟೆಲ್ಲಿನ ಮೇಲ್ವಿಚಾರಕ ಡಂಕನ್ ಬಸ್ಸು ಓಡಿಸಿದ. ಡೆಲ್ಮಾ ನೀರಿನ ಕ್ಯಾನು, ಐಸಿನ ಪೆಟ್ಟಿಗೆಗಳನ್ನು ತನ್ನ ಹಳೇ ಕಾರಿಗೆ ತುಂಬಿಕೊಂಡು ಹಿಂದೆ ಹಿಂದೆ ಹೋದಳು. ಆ ಕಾರಿನ ಸೈಲೆನ್ಸರ್ ಒಡೆದು ವರ್ಷವಾಗಿತ್ತು. ಅದರ ಸದ್ದು ಅರ್ಧ ಮೈಲಿ ಆಚೆ ಕೇಳಿದರೂ ಸಾಕು, ಮಕ್ಕಳು ಸಿಗರೇಟು ಬಿಸಾಡಿ ಸಭ್ಯರಾಗಿಬಿಡುತ್ತಿದ್ದರು.

ವಾಪಸು ಬರುವಾಗ ದಾರಿಯ ಪೆಟ್ರೋಲ್ ಬಂಕಿನಲ್ಲಿ ನಿಂತರು. ಊರು ಅಲ್ಲಿಂದ ಎಂಬತ್ತು ಕಿಲೋಮೀಟರು. ಎಮು ಬಾವಿಗೆ ಹೋಗುವ ಮಣ್ಣುರಸ್ತೆ ಕವಲೊಡೆಯುವುದೂ ಅಲ್ಲೇ. ಮಕ್ಕಳು ಐಸ್‌ಕ್ಯಾಂಡಿ ತಿಂದರು, ಕಕ್ಕಸಿಗೆ ಹೋದರು, ಬಸ್ಸು ಹತ್ತಿದರು. ಡೆಲ್ಮಾ ಹೊರಗೆ ನಿಂತು ಕಿಟಕಿಗಳನ್ನು ನೋಡುತ್ತ ಎಣಿಸಿದಳು. ಇಪ್ಪತ್ಮೂರು ಮುಖಗಳು. ಕೊನೆಯ ಕಿಟಕಿ ಯಾವಾಗಲೂ ಅವನದು. ಅಲ್ಲಿಗೆ ಬಂದಾಗ ಎಂದಿನಂತೆ ಕಣ್ಣು ತಗ್ಗಿಸಿದಳು. ರೆಪ್ಪೆಯ ಅಂಚಿನಲ್ಲಿ ಅವನ ಕೆಂಪು ಟೋಪಿ ಕಂಡಿತು. ಆರು ವಾರದಿಂದ ಅವನ ಲೆಕ್ಕಕ್ಕೆ ಆ ಟೋಪಿಯೇ.

"ಇಪ್ಪತ್ನಾಲ್ಕು. ನಡಿ ಡಂಕನ್," ಎಂದಳು.

ಆರೂವರೆಗೆ ಹಾಸ್ಟೆಲ್ಲಿನ ಊಟ. ಸ್ಪಗೆಟಿ, ಕೊಚ್ಚಿದ ಮಾಂಸ. ಮಕ್ಕಳೆಲ್ಲ ಎದ್ದು ಕೈತೊಳೆದ ಮೇಲೂ ಒಂದು ತಟ್ಟೆ ಹಾಗೇ ಉಳಿದಿತ್ತು. ಡೆಲ್ಮಾ ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು. ಅವಳು ಬಡಿಸುವ ದಿನ ಅವನು ತಡವಾಗಿ ಬಂದು ಉಣ್ಣುವುದು ಉಂಟು. ಏಳಾಯಿತು. ಏಳೂವರೆ ಆಯಿತು. ಓಡಿಹೋಗಿ ಬಸ್ಸು ಹತ್ತಿ ನೋಡಿದಳು. ಕೊನೆಯ ಸೀಟಿನ ತಲೆಯಾನುವ ದಿಂಬಿನ ಮೇಲೆ ಕೆಂಪು ಟೋಪಿ ಕೂತಿತ್ತು. ಕೆಳಗೆ ತಲೆಯಿರಲಿಲ್ಲ.

"ನೀನೇ ಎಣಿಸಿದ್ದಲ್ವಾ?" ಎಂದ ಡಂಕನ್. ಕೆಟ್ಟವನಲ್ಲ, ಆದರೆ ಫಾರಮ್ಮುಗಳ ಮನುಷ್ಯ. "ಮುಖ ನೋಡಿ ತಾನೇ ಎಣಿಸೋದು?"

"ಟೋಪಿ ನೋಡಿದೆ."

"ಟೋಪೀನಾ?" ಅವನು ಪೊಲೀಸರಿಗೆ ಫೋನು ಮಾಡಿದ. ಅವರು ಡಾಂಬರು ರಸ್ತೆಯಲ್ಲಿ ಹುಡುಕುತ್ತೇವೆ, ಇಂಥ ಹುಡುಗರು ಲಾರಿ ಹತ್ತಿ ಊರಿಗೇ ಬರುತ್ತಾರೆ, ಬೆಳಿಗ್ಗೆ ನೋಡೋಣ ಎಂದರು.

ಅವನು ಊರಿಗೆ ಬರುವುದಿಲ್ಲ, ಮಣ್ಣುರಸ್ತೆ ಹಿಡಿದು ಮನೆಗೆ ಹೋಗುತ್ತಾನೆ ಎಂದು ಡೆಲ್ಮಾಳಿಗೆ ಗೊತ್ತು. ಎಮು ಬಾವಿಗೆ ನೂರ ಮೂವತ್ತು ಕಿಲೋಮೀಟರು. ನಡುವೆ ಒಂದು ಹನಿ ನೀರಿಲ್ಲ. ಅಂದು ನಲವತ್ಮೂರು ಡಿಗ್ರಿ ಬಿಸಿಲಿತ್ತು. ಡಂಕನ್ ಮಕ್ಕಳನ್ನು ಬಿಟ್ಟು ಬರುವಂತಿರಲಿಲ್ಲ. ಅವಳೊಬ್ಬಳೇ ಕಾರು ಹತ್ತಿ ಆ ರಸ್ತೆಯಲ್ಲಿ ಮೂರು ಸಲ ಹೋಗಿ ಬಂದಳು, ಹಾರ್ನು ಬಾರಿಸಿದಳು, ದೀಪ ಮಿನುಗಿಸಿದಳು. ಹೆಸರು ಕೂಗುವಂತಿಲ್ಲ, "ಓಯ್, ಓಯ್" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಯಾರೂ ಓಗೊಡಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಪೆಟ್ರೋಲು ತುಂಬಿಸಿಕೊಂಡು ಮನೆಗೆ ಬಂದಳು. ಕ್ವೀನಿ ಟೀ ಕಾಸಿ, ದೊಡ್ಡ ಕ್ಯಾನಿಗೆ ನೀರು ತುಂಬಿ, ಟೋಪಿ ಹಾಕಿಕೊಂಡು ಹೊಸ್ತಿಲಲ್ಲೇ ಕೂತಿದ್ದಳು.

"ನೀನು ಯಾಕವ್ವಾ? ನಿಂಗೆ ಮಂಡಿ ನೋವು."

"ಮಂಡಿ ನೋವು, ಕಣ್ಣು ನೋವಲ್ಲ. ಹೆಜ್ಜೆ ನೋಡೋಕೆ ನಿಂಗೆ ಬರುತ್ತಾ? ನೀನು ಹಾರ್ನ್ ಹೊಡಿಯೋಳು."

ಕೀಷಾ ಒಳಗಿಂದ ಬಂದಳು. ಕಣ್ಣು ಊದಿದ್ದವು. "ಅಮ್ಮಾ," ಎಂದಳು.

"ಹೇಳು ಬೇಗ."

"ನಾನು ಅವನಿಗೆ ಹೇಳ್ಲೇ ಇಲ್ಲ. ತಾತ ಹುಷಾರಾಗಿರೋದು, ಮಂಗಳವಾರ ಗಾಡಿ ಬರೋದು. ಹುಡುಗೀರೆಲ್ಲ ನೋಡ್ತಾ ಇದ್ರು. ಸೋಮವಾರ ಹೇಳಿದ್ರಾಯ್ತು ಅಂತ..."

ತಾತ ಆಸ್ಪತ್ರೆ ಸೇರಿದ್ದಷ್ಟೇ ಅವನಿಗೆ ಗೊತ್ತಿತ್ತು. ತಾತ ಸಾಯುತ್ತಿದ್ದಾನೆ ಎಂದುಕೊಂಡೇ ಹುಡುಗ ಕಾಲಿಗೆ ಬುದ್ಧಿ ಹೇಳಿದ್ದ. ಮಗಳಿಗೆ ಹೊಡೆಯಲು ಎತ್ತಿದ ಕೈಯನ್ನು ಡೆಲ್ಮಾ ತನ್ನ ಹಣೆಗೇ ಬಡಿದುಕೊಂಡಳು. "ಅವನಿಗೇನಾದ್ರೂ ಆದ್ರೆ ಅವರಮ್ಮನ ಮುಂದೆ ಏನಂತ ನಿಲ್ಲಲಿ? ನಿನ್ನ ಮಗನ್ನ ನೋಡ್ಲಿಲ್ಲ, ಟೋಪಿ ನೋಡಿದೆ ಅನ್ಲಾ? ಮಾತು ಹೇಳಿಸ್ಲಿಲ್ಲ, ಮಗಳಿಗೆ ನಾಚಿಕೆ ಆಯ್ತು ಅನ್ಲಾ?"

"ಅಳೋದು ಬಡ್ಕೊಳ್ಳೋದು ಆಮೇಲೆ ಇಟ್ಕೊಳ್ಳಿ," ಎಂದಳು ಕ್ವೀನಿ. "ಸೂರ್ಯ ಕಾಯಲ್ಲ. ಕೂಸೇ, ನೀನೂ ಹತ್ತು."

ಬಂಕಿನಿಂದ ಮಣ್ಣುರಸ್ತೆಗೆ ಇಳಿದ ಮೇಲೆ ಕ್ವೀನಿ ಕಿಟಕಿಯಿಂದ ತಲೆ ಹೊರಹಾಕಿ ಕೂತಳು. ಬಲಗಡೆಯ ಅಂಚಿನಲ್ಲಿ ಹೆಜ್ಜೆ ಇದ್ದವು. ಉದ್ದ ಹೆಜ್ಜೆ, ಜೋರು ನಡಿಗೆ. ಹದಿನೆಂಟು ಕಿಲೋಮೀಟರು ಹೋದ ಮೇಲೆ ಅವಳು ಬಾಗಿಲು ಬಡಿದಳು. ಇಳಿದು, ಬಗ್ಗಿ ನೋಡಿದಳು. ಹೆಜ್ಜೆ ರಸ್ತೆ ಬಿಟ್ಟು ಮುಳ್ಳುಹುಲ್ಲಿನೊಳಗೆ ಓಡಿದ್ದವು. ಒಂದು ಪೊದೆಯ ಹಿಂದೆ ಯಾರೋ ಬೋರಲು ಮಲಗಿದ ಗುರುತು. ಮತ್ತೆ ರಸ್ತೆಗೆ ಬಂದ ಹೆಜ್ಜೆ.

"ಇದು ನಿನ್ನ ಗಾಲಿ ಗುರುತು," ಎಂದಳು ಕ್ವೀನಿ. ಅವಳ ದನಿ ಇಳಿದಿತ್ತು. "ನಿನ್ನ ಕಾರಿನ ಸದ್ದು ಕೇಳಿದಾನೆ. ಅತ್ತೆ ಬರ್ತಿದಾಳೆ ಅಂತ ಓಡಿಹೋಗಿ ಮುಖ ಮುಚ್ಚಿ ಮಲಗಿದಾನೆ."

ಡೆಲ್ಮಾ ಮತ್ತೆ ಕಾರು ಹತ್ತಿ ನಿಧಾನಕ್ಕೆ ಬಿಟ್ಟಳು.

ಇನ್ನಾರು ಕಿಲೋಮೀಟರಿನಲ್ಲಿ ಎರಡನೆಯ ಸಲ. ಈ ಬಾರಿ ಇನ್ನೂ ಒಳಗೆ ಓಡಿದ್ದ. ಇಪ್ಪತ್ತೆಂಟರ ಹತ್ತಿರ ಮೂರನೆಯ ಸಲ. ಅಲ್ಲಿ ಹೆಜ್ಜೆ ಒಳಗೆ ಹೋಗಿದ್ದವು, ಹೊರಗೆ ಬಂದಿರಲಿಲ್ಲ. ರಸ್ತೆ ಅಲ್ಲಿ ಎಡಕ್ಕೆ ತಿರುಗುತ್ತದೆ. ಅವನು ಕತ್ತಲಲ್ಲಿ ನೇರ ಹೋಗಿದ್ದ. ಹುಲ್ಲಿನ ನಡುವೆ ಬಂಕಿನ ನೀರಿನ ಬಾಟಲಿ ಬಿದ್ದಿತ್ತು, ಖಾಲಿ.

ಕೂಗಿ ಕೂಗಿ ಅವನನ್ನು ಬದುಕಿನಿಂದ ಆಚೆಗೆ ಅಟ್ಟಿದವಳು ನಾನೇ, ಎಂದು ಡೆಲ್ಮಾಳಿಗೆ ಅನಿಸಿತು. ತಾನು ಮನೆಯಲ್ಲಿ ಮಲಗಿ ನಿದ್ದೆ ಹೊಡೆದಿದ್ದರೂ ಅವನು ರಸ್ತೆಯ ಮೇಲಾದರೂ ಇರುತ್ತಿದ್ದ.

"ಕಾರು ಆರಿಸು. ನೀನಿಲ್ಲೇ ಕೂತ್ಕೋ, ಆ ಕಡೆ ತಿರುಗಿ," ಎಂದಳು ಕ್ವೀನಿ. "ಕೀಷಾ, ನೀರು ಎತ್ಕೊ. ಕೂಗು. ನಿನ್ನ ದನಿ ಕೇಳಿದ್ರೆ ಓಡಲ್ಲ."

ಒಂಬತ್ತು ಗಂಟೆಗೇ ಕಾರಿನ ತಗಡು ಕೈ ಸುಡುತ್ತಿತ್ತು. ಡೆಲ್ಮಾ ರಸ್ತೆಯ ಕಡೆ ಮುಖ ಮಾಡಿ ನೆಲದ ಮೇಲೆ ಕೂತಳು. ಬೆನ್ನ ಹಿಂದೆ ಮಗಳ ಕೂಗು ದೂರ ದೂರ ಹೋಯಿತು. "ಜಕಮರ್ರಾ! ಏ ಜಕಮರ್ರಾ! ನಾನು ಕಣೋ!" ಆಮೇಲೆ ಕೂಗು ನಿಂತಿತು. ನಿಂತದ್ದು ಸಿಕ್ಕಿದ್ದಕ್ಕೋ, ಅಥವಾ... ತಿರುಗಿ ನೋಡಬಾರದು. ಅವಳು ಎರಡು ಕೈಯಲ್ಲೂ ಮರಳು ಹಿಡಿದು ಕೂತಳು. ಯಾವ ಅತ್ತೆಗೂ ಬೇಡಪ್ಪಾ ಆ ಗಳಿಗೆ.

"ಅಮ್ಮಾ! ಉಸಿರಿದೆ! ಉಸಿರಿದೆ ಅಮ್ಮಾ!"

ಒಂದು ಮುಲ್ಗಾ ಮರದ ಬುಡದಲ್ಲಿ ಮರಳು ತೋಡಿಕೊಂಡು ತಂಪಿಗೆ ಮಲಗಿದ್ದನಂತೆ. ತುಟಿ ಒಡೆದಿತ್ತು, ಬೆವರು ನಿಂತುಹೋಗಿತ್ತು. ಕ್ವೀನಿ ಲಂಗ ನೆನೆಸಿ ಅವನ ಎದೆಗೆ ಹಿಂಡಿದಳು, ಹನಿ ಹನಿ ನೀರು ಕುಡಿಸಿದಳು. ಇಬ್ಬರೂ ಅವನನ್ನು ಹೆಗಲು ಕೊಟ್ಟು ಎಳೆದುಕೊಂಡು ಬಂದು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಡೆಲ್ಮಾ ಕಾರಿನ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು.

"ಅವನಿಗೆ ಕಂಬಳಿ ಮುಚ್ತೀನಿ," ಎಂದಳು ಕೀಷಾ. "ನೀನು ಓಡಿಸು ಅಮ್ಮ. ಯಾರು ನೋಡ್ತಾರೆ ಇಲ್ಲಿ?"

ಡೆಲ್ಮಾ ಕ್ವೀನಿಯ ಕಡೆ ನೋಡಿದಳು. ಕ್ವೀನಿ, "ಜೀವ ದೊಡ್ಡದು. ಹತ್ತು," ಎಂದಳು.

ಡೆಲ್ಮಾ ಮುಂದಿನ ಬಾಗಿಲು ತೆಗೆದಳು, ಅಷ್ಟೇ. ಕಂಬಳಿಯೊಳಗಿಂದ ಒಂದು ನರಳಾಟ ಬಂತು. ಹಿಂದಿನ ಬಾಗಿಲು ತೆರೆದುಕೊಂಡಿತು, ಹುಡುಗ ಅರ್ಧ ಮೈ ಹೊರಗೆ ಬಿದ್ದ. ಕಣ್ಣು ಬಿಡಲೂ ತ್ರಾಣವಿಲ್ಲದವನು ಮೊಣಕೈ ಊರಿ ಕಾರಿನಿಂದ ಆಚೆ ತೆವಳುತ್ತಿದ್ದ.

"ಹಿಡೀರಿ ಅವನನ್ನ!" ಎಂದು ಕೂಗಿ ಡೆಲ್ಮಾ ಹಿಂದೆ ಹಿಂದೆ ಸರಿದಳು. ಬೀಗದಕೈಯನ್ನು ಮಗಳ ಕಾಲಬುಡಕ್ಕೆ ಎಸೆದಳು. "ಕೀಷಾ, ನೀನು ಓಡಿಸು. ನಾನಿಲ್ಲೇ ಇರ್ತೀನಿ."

"ನಾನಾ? ನಾನು ಮಾರ್ಕೆಟ್ ಬಿಟ್ರೆ ಇನ್ನೆಲ್ಲೂ ಓಡಿಸಿಲ್ಲಮ್ಮ! ಮಣ್ಣುರಸ್ತೆ ಇದು..."

"ನಲವತ್ತರ ಮೇಲೆ ಹೋಗ್ಬೇಡ. ಗುಂಡಿ ಬಂದ್ರೆ ಬ್ರೇಕ್ ತುಳೀಬೇಡ, ಕಾಲು ಎತ್ತು. ಬಂಕಲ್ಲಿ ಫೋನ್ ಇದೆ, ಆಂಬುಲೆನ್ಸ್ ಕರಿ. ಹೋಗು ಕೂಸೇ. ಹೋಗು ಅಂದ್ನಲ್ಲ!"

ಕ್ವೀನಿ ಎರಡು ಬಾಟಲಿ ನೀರನ್ನು ನೆಲದ ಮೇಲಿಟ್ಟು ಹಿಂದಿನ ಸೀಟಿಗೆ ಹತ್ತಿ ಹುಡುಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕಾರು ಎರಡು ಸಲ ಜಗ್ಗಿ ನಿಂತು, ಮೂರನೆಯ ಸಲ ಹೊರಟಿತು. ಧೂಳು ಮೊದಲು ಕೆಂಪಗೆ ಎದ್ದಿತು, ಆಮೇಲೆ ತೆಳುವಾಯಿತು, ಆಮೇಲೆ ಸದ್ದೂ ಇಲ್ಲ.

ನೆರಳಿದ್ದದ್ದು ಅವನು ಮಲಗಿದ್ದ ಮುಲ್ಗಾ ಮರದ ಕೆಳಗೆ ಮಾತ್ರ. ಅವನು ತೋಡಿದ ಮರಳಿನ ಗುಂಡಿ ಅಲ್ಲೇ ಇತ್ತು, ಭುಜದ ಗುರುತು ಸಹಿತ. ಅಳಿಯ ಮಲಗಿದಲ್ಲಿ ಅತ್ತೆ ಕೂರಬಾರದು. ಡೆಲ್ಮಾ ಅದರಾಚೆ, ಕೊಂಬೆಯ ಸೀಳು ನೆರಳಿನಲ್ಲಿ ಕೂತಳು. ಬಿಸಿಲು ಬೆನ್ನಿಗೆ ಹೊಡೆಯುತ್ತಿತ್ತು, ನೊಣಗಳು ಕಣ್ಣಿಗೆ ಮುತ್ತುತ್ತಿದ್ದವು.

ಅವಳಿಗೆ ತನ್ನ ಬಗ್ಗೆ ಭಯವಿರಲಿಲ್ಲ. ಅವಳ ತಲೆಯಲ್ಲಿ ಆ ರಸ್ತೆಯೊಂದೇ ಓಡುತ್ತಿತ್ತು. ಆರನೆಯ ಕಿಲೋಮೀಟರಿನಲ್ಲಿ ಮರಳು ಸಡಿಲ, ಕಾರು ಅಡ್ಡಡ್ಡ ಹೋಗುತ್ತದೆ. ಆಚೆ ಬತ್ತಿದ ತೊರೆಯ ಇಳಿಜಾರು. ಹೊಸಬರು ಅಲ್ಲೇ ಬ್ರೇಕು ತುಳಿಯುವುದು, ಅಲ್ಲೇ ಪಲ್ಟಿ ಹೊಡೆಯುವುದು. ತಾಯಿ, ಮಗಳು, ಬೇರೆಯವರು ನಂಬಿ ಬಿಟ್ಟ ಮಗ, ಮೂವರನ್ನೂ ಒಂದೇ ಗಾಡಿಯಲ್ಲಿ ಹಾಕಿ ಒಂದು ಎಳೆಗೈಗೆ ಕೊಟ್ಟಿದ್ದಳು. ಹನ್ನೊಂದಾಯಿತು. ಹನ್ನೆರಡಾಯಿತು. ಮೊದಲ ಬಾಟಲಿ ಮುಗಿಯಿತು. ಒಂದು ಗಂಟೆಗೆ ಅವಳು ಜೋರಾಗಿ ಅತ್ತಳು, ಕೇಳುವವರು ಯಾರೂ ಇಲ್ಲ ಎಂದು. ನೆರಳು ತಿರುಗುತ್ತ ತಿರುಗುತ್ತ ಅವನ ಗುಂಡಿಯನ್ನು ಬಿಟ್ಟು ಅವಳಿದ್ದ ಕಡೆಗೇ ಬಂತು.

ಎರಡು ಗಂಟೆ ದಾಟಿದ ಮೇಲೆ ಒಡೆದ ಸೈಲೆನ್ಸರಿನ ಸದ್ದು ಕೇಳಿತು. ಅಷ್ಟು ಕೆಟ್ಟ ಸದ್ದು ಅಷ್ಟು ಚೆನ್ನಾಗಿ ಅವಳಿಗೆಂದೂ ಕೇಳಿರಲಿಲ್ಲ. ಎದ್ದು ನಿಲ್ಲಲು ಹೋಗಿ ಮುಗ್ಗರಿಸಿ ಮತ್ತೆ ಕೂತಳು.

ಕೀಷಾ ಇಳಿದು ಓಡಿಬಂದಳು. ಮುಖ, ರೆಪ್ಪೆ, ಕೂದಲೆಲ್ಲ ಕೆಂಪು ಧೂಳು. ತಾಯಿಯ ಕೈಗೆ ತಂಪು ಬಾಟಲಿ ಕೊಟ್ಟು ಮರಳಿನಲ್ಲಿ ಕುಸಿದು ಕೂತಳು.

"ಆಂಬುಲೆನ್ಸ್ ಬಂತು. ಕೈಗೆ ಸೂಜಿ ಚುಚ್ಚಿ ನೀರು ಏರಿಸಿದ್ರು. ಬದುಕ್ತಾನೆ ಅಂದ್ರು ಅಮ್ಮ. ಅಜ್ಜಿ ಅವನ ಜೊತೇಲೇ ಹೋದ್ಲು. ತಾತ ಚೆನ್ನಾಗಿದಾರೆ ಅಂತಾನೂ ನಾನೇ ಹೇಳಿದೆ. ಅತ್ತ ಅವನು." ಕೆನ್ನೆಯ ಧೂಳು ಒರೆಸಿಕೊಂಡು, "ಒಂದು ಮಾತು ಹೇಳಿ ಕಳಿಸಿದಾನೆ, ನಿಂಗೆ," ಎಂದಳು.

ಡೆಲ್ಮಾ ನೆಲ ನೋಡಿದಳು. "ಹೇಳು."

"ಟೋಪೀನ ಸೀಟಿನ ಮೇಲೆ ಇಟ್ಟಿದ್ದು ಅವನೇ ಅಂತೆ. ಅತ್ತೆ ಟೋಪಿ ನೋಡೇ ನನ್ನನ್ನ ಎಣಿಸ್ತಾರೆ ಅಂತ ಅವನಿಗೆ ಮೊದಲ ದಿನದಿಂದ ಗೊತ್ತಂತೆ. ಅದಕ್ಕೇ ಅದನ್ನ ಎಂದೂ ತಲೆಯಿಂದ ತೆಗೀತಿರಲಿಲ್ಲವಂತೆ, ಮಲಗೋವಾಗ್ಲೂ. ಇನ್ಮೇಲೆ ಅದನ್ನ ಬಿಟ್ಟು ಎಲ್ಲೂ ಹೋಗಲ್ಲ ಅಂತ ಹೇಳು ಅಂದ."

ಡೆಲ್ಮಾ ಲಂಗದ ಅಂಚಿನಿಂದ ಮುಖ ಒರೆಸಿಕೊಂಡಳು. ಧೂಳೂ ಕಣ್ಣೀರೂ ಸೇರಿ ಕೆಸರಾಯಿತು. ಕೀಷಾ ಕಾಯುತ್ತ ಕೂತಿದ್ದವಳು ತಾನಾಗಿಯೇ ಕೇಳಿದಳು, "ನಾನು ಅವನಿಗೆ ಏನಂತ ಹೇಳ್ಲಿ?"

"ತಟ್ಟೆ ಮುಚ್ಚಿಟ್ಟಿದ್ದೆ, ಇನ್ಮೇಲೂ ಮುಚ್ಚಿಟ್ಟಿರ್ತೀನಿ ಅಂತ ಹೇಳು."

"ಹೇಳ್ತೀನಿ."

"ಯಾವಾಗ ಹೇಳ್ತೀಯಾ?"

ಕೀಷಾ ಎದ್ದು, ತಾಯಿಯ ಕೈ ಹಿಡಿದು ಎಬ್ಬಿಸಿದಳು. "ಈಗ್ಲೇ ಹೇಳ್ತೀನಮ್ಮ," ಎಂದಳು. "ಮೊದ್ಲು ಆಸ್ಪತ್ರೆಗೆ ಹೋಗೋಣ, ಆಮೇಲೆ ಮನೆ. ನೀನು ಹೊರಗೆ ಕಾರಲ್ಲೇ ಕೂತಿರು."